ಟಗರು ಹಚ್ಚಿದ ಜಾಜಿ

ಜಾಜಿ ಹೂವಿನ ವಾಸನೆ ಎಲ್ಲರಿಗೂ ಗೊತ್ತು. ಗೊಬ್ಬರಕ್ಕೆ ಹಾಕುವ ಕುರಿಹಿಕ್ಕಿಯ ವಾಸನೆಯೂ ನಮ್ಮ ಕಡೆಯವರಿಗೆ ಹೊಸದಲ್ಲ. ಆದರೆ ಎರಡೂ ಕೂಡಿದ ವಾಸನೆಯೊಂದಿದೆ. ನೆನೆಹಾಕಿದ ಹಿಕ್ಕಿಯ ನೀರು ಬೇರಿಗೆ ಇಳಿದು, ಆ ಘಾಟಿನ ಮೇಲೆ ಮುಸ್ಸಂಜೆಯ ಜಾಜಿ ಅರಳಿದಾಗ ಬರುವ ವಾಸನೆ ಅದು. ಅಂಥದ್ದು ಇದ್ದದ್ದು ಒಂದೇ ಒಂದು ಮನೆಯ ಅಂಗಳದಲ್ಲಿ ಎಂದು ನಾನು ನಂಬಿಕೊಂಡಿದ್ದೆ; ಆ ಮನೆ ಈಗಿಲ್ಲ. ಹೋದ ವರ್ಷ ಮಳೆಗಾಲದ ಕೊನೆಗೆ ಮಗನ ಜೊತೆ ಮಾಡಗ್ಯಾಳಕ್ಕೆ ಟಗರು ಕೊಳ್ಳಲು ಹೋಗಿದ್ದೆ. ಮಗ ಟಗರಿನ ಬಾಯಿ ಬಿಡಿಸಿ ಹಲ್ಲು ನೋಡುತ್ತ ಮಾತಿಗೆ ಇಳಿದಿದ್ದ. ನಿಂತು ನಿಂತು ಮೊಳಕಾಲು ಹಿಡಿದುಕೊಂಡದ್ದರಿಂದ ಕೂರಲು ಒಂದು ಕಟ್ಟೆ ಸಿಕ್ಕೀತೇ ಎಂದು ನಾನು ಪಕ್ಕದ ಓಣಿಯೊಳಗೆ ಹೊಕ್ಕೆ. ಹೊತ್ತು ಮುಳುಗುತ್ತಿತ್ತು. ಓಣಿಯ ತಿರುವಿನಲ್ಲಿ ಆ ವಾಸನೆ ಬಂದು ಎದೆಗೆ ಬಡಿಯಿತು. ಎಪ್ಪತ್ತು ದಾಟಿದ ನಾನು ಮೊಳಕಾಲು ಮರೆತೆ, ಮಗನನ್ನು ಮರೆತೆ. ಮೂಗು ಮೇಲೆ ಮಾಡಿ, ಎಲ್ಲಿ ಗಾಳಿ ತಿರುಗಿ ವಾಸನೆ ತಪ್ಪಿಹೋಗುವುದೋ ಎಂಬ ಹೆದರಿಕೆಯಲ್ಲಿ, ಆ ಓಣಿಯಲ್ಲಿ ಹೆಚ್ಚುಕಡಿಮೆ ಓಡಿದೆ. ಓಣಿಯ ಕೊನೆಗೆ ಏನು ಕಂಡೆ ಎಂದು ಹೇಳುವ ಮೊದಲು, ಹುಡುಗನಾಗಿದ್ದಾಗ ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕು. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಬಿಳೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮನೆಗಿಂತ ಅಂಗಳ ದೊಡ್ಡದು. ಅಂಗಳದ ಮೂಲೆಯಲ್ಲಿ ಮೈತೊಳೆಯುವ ಕಲ್ಲು, ಕಲ್ಲಿನ ಬದಿಗೆ ಜಾಜಿಯ ಬುಡ. ಅಲ್ಲಿಂದ ಎದ್ದ ಬಳ್ಳಿ ಬೇವಿನ ಗೂಟ ಹಿಡಿದು, ಮುರಿದ ಗಾಡಿಯ ನೊಗ ದಾಟಿ, ಅಂಗಳದ ಅರ್ಧದಷ್ಟು ಹಂದರವಾಗಿ ಹಬ್ಬಿತ್ತು. ಅದನ್ನು ನೆಟ್ಟು ಹಚ್ಚಿದವಳು ನನ್ನ ಅಪ್ಪನ ಅಕ್ಕ ಗೌರವ್ವ; ನಮಗೆ ಗೌರತ್ತಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಕುಣಿಕೋಣೂರಿನಿಂದ ತವರಿಗೆ ಬರುವಾಗ ಒಂದು ಟ್ರಂಕು ಮತ್ತು ಒದ್ದೆ ಅರಿವೆಯಲ್ಲಿ ಸುತ್ತಿದ ಜಾಜಿಯ ತುಂಡನ್ನು ತಂದಿದ್ದಳಂತೆ. ನಮ್ಮೂರಲ್ಲಿ ನೀರು ಎಂದರೆ ಸೇದಿ ಹೊತ್ತು ತರುವಂಥದ್ದು. ಹೂವಿನ ಬಳ್ಳಿಗೆಂದು ಬೇರೆ ನೀರು ಎಲ್ಲಿಂದ ಬರಬೇಕು? ನಾವು ಮಕ್ಕಳು ಮೈತೊಳೆದುಕೊಂಡ ನೀರೇ ಅದರ ನೀರು. ಸಬಕಾರದ ನೀರು ಬೇರಿಗೆ ಆಗದು ಎಂದು ಗೌರತ್ತಿ ನಮಗೆ ಕಡಲೆಹಿಟ್ಟು ಹಚ್ಚಿಯೇ ಮೈ ಉಜ್ಜುತ್ತಿದ್ದಳು. ಸಾಲೆಯಲ್ಲಿ ಉಳಿದ ಹುಡುಗರು ಸಬಕಾರದ ವಾಸನೆ ಬೀರುತ್ತಿದ್ದರೆ ನಮ್ಮಿಂದ ಭಜಿಯ ವಾಸನೆ ಬರುತ್ತಿತ್ತು. ಯಾರಾದರೂ ಎರಡು ತಂಬಿಗೆ ಸುರಿದುಕೊಂಡು ಓಡಿದರೆ ಅವಳು ತೋಳು ಹಿಡಿದು ಎಳೆದು ತರುತ್ತಿದ್ದಳು. ಮೈ ಸ್ವಚ್ಛವಾಗಲಿ ಎಂದಲ್ಲ, ಬಳ್ಳಿಯ ಹೊಟ್ಟೆ ತುಂಬಲಿ ಎಂದು.

ಸಂಜೆಯಾದರೆ ಸಾಕು, ನಮ್ಮ ಎದೆ ಕುಣಿಯಲು ಶುರುವಾಗುತ್ತಿತ್ತು. ಹಂದರದ ಕೆಳಗೆ ಕಂಬಳಿ ಹಾಸಿ, ಅಂಗಾತ ಮಲಗಿ, ಮೊದಲ ಮೊಗ್ಗು ಬಿಚ್ಚುವುದನ್ನು ಯಾರು ನೋಡುತ್ತಾರೆ ಎಂಬ ಪೈಪೋಟಿ. ಜಾಜಿಯ ಮೊಗ್ಗಿನ ಬೆನ್ನಿಗೆ ತಿಳಿಗೆಂಪು ಬಣ್ಣವಿರುತ್ತದೆ, ಚಳಿಗೆ ಕೆಂಪಾದ ಮಗುವಿನ ಕಿವಿಯಂತೆ. ಆ ಕೆಂಪು ನೋಡುತ್ತ ನೋಡುತ್ತ, ಕಣ್ಣು ಪಿಳುಕಿಸದೆ, ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಇನ್ನೇನು ಬಿಚ್ಚಬೇಕು, ಅಷ್ಟರಲ್ಲಿ ಯಾರೋ ಸೀನುತ್ತಿದ್ದರು. ಆ ಕಡೆ ನೋಡಿ ಈ ಕಡೆ ತಿರುಗುವುದರಲ್ಲಿ ಅದು ಬಿಳಿಯ ಹೂವಾಗಿ ಕುಳಿತಿರುತ್ತಿತ್ತು. ನಿಜವಾಗಿ ಬಿಚ್ಚುವ ಕ್ಷಣವನ್ನು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ; ಕಂಡೆ ಎಂದು ಆಣೆ ಹಾಕಿದವರು ಬಹಳ ಮಂದಿ. ಒಂದು ಕಟ್ಟಳೆ ಮಾತ್ರ ಗಟ್ಟಿ: ಮೊಗ್ಗಿಗೆ ಬೆರಳು ನೀಡಿ ತೋರಿಸಬಾರದು. ತೋರಿಸಲೇಬೇಕಾದರೆ ಬೆರಳು ಮಡಚಿ, ಗೆಣ್ಣಿನಿಂದ ತೋರಿಸಬೇಕು. ನೀಡಿದ ಬೆರಳಿಗೆ ಮೊಗ್ಗು ನಾಚಿ ಉದುರುತ್ತದೆ ಎಂದು ಗೌರತ್ತಿ ನಂಬಿದ್ದಳು, ನಾವೂ ನಂಬಿದ್ದೆವು. ಅರಳಿದ ಹೂವನ್ನು ಅವಳು ಬಾಳೆನಾರಿನಲ್ಲಿ ಕಟ್ಟಿ ಓಣಿಯ ಮನೆಮನೆಗೆ ಕಳಿಸುತ್ತಿದ್ದಳು. ತಾನು ಮುಡಿಯುವಂತಿರಲಿಲ್ಲ. ಆದರೆ ಮಲಗುವಾಗ ಹೂ ಕಟ್ಟಿದ ಕೈಗಳನ್ನು ಮುಖದ ಮೇಲೆ ಇಟ್ಟುಕೊಂಡು ಮಲಗುತ್ತಿದ್ದಳು. ಅವಳ ಮಗ್ಗುಲಲ್ಲಿ ಮಲಗುತ್ತಿದ್ದ ನನಗೆ ಆ ಕೈಗಳ ವಾಸನೆಯೇ ನಿದ್ದೆಯ ವಾಸನೆ.

ಅವಳಿಗೆ ನಗು ಬಂದರೆ ನಿಲ್ಲುತ್ತಿರಲಿಲ್ಲ. ಮನೆಮಾತು ಕನ್ನಡವಾದರೂ ನಮ್ಮೂರು ಮರಾಠಿ ರಾಜ್ಯದ ಗಡಿಯೊಳಗಿನದು. ಒಂದು ಸಲ ಸಾತಾರದ ಕಡೆಯಿಂದ ಹೊಸ ಮಾಸ್ತರರು ನಮ್ಮ ಸಾಲೆಗೆ ಬಂದರು. ಅಚ್ಚ ಮರಾಠಿಯವರು, ಕನ್ನಡದ ಗಾಳಿ ಇಲ್ಲ. ಮನೆಮನೆಗೆ ಮಕ್ಕಳ ಹೆಸರು ಕೇಳುತ್ತ ನಮ್ಮ ಅಂಗಳಕ್ಕೂ ಬಂದರು. ಗೌರತ್ತಿ ಒಡೆದ ಹರವಿಯ ತಳದಲ್ಲಿ ಮಣ್ಣು ತುಂಬಿ ಜಾಜಿಯ ಕಡ್ಡಿ ಚಿಗುರಿಸಿದ್ದಳು. ಅದನ್ನು ಕಂಡು ಮಾಸ್ತರರಿಗೆ ಬಹಳ ಖುಷಿಯಾಗಿ, ಕೈಮುಗಿದು, "ಬಾಯಿ, ತುಮಚೀ ಕುಂಡೀ ಫಾರ ಛಾನ ಆಹೇ" ಎಂದುಬಿಟ್ಟರು. ಮರಾಠಿಯಲ್ಲಿ ಗಿಡದ ಮಡಕೆಗೆ ಕುಂಡಿ ಎನ್ನುತ್ತಾರೆ. ನಿಮ್ಮ ಮಡಕೆ ಚೆನ್ನಾಗಿದೆ ಎಂದು ಹೊಗಳಿದ್ದರು ಪಾಪ. ಕನ್ನಡದಲ್ಲಿ ಅದು ಏನೆಂದು ನಿಮಗೆ ಗೊತ್ತೇ ಇದೆ. ಗೌರತ್ತಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಮಾಸ್ತರರಿಗೆ ಚಾ ಕೊಡಲು ಹೊರಗೆ ಬಂದವಳು ಅವರ ಮುಖ ನೋಡಿ ಮತ್ತೆ ಒಳಗೆ ಓಡಿದಳು. ಅದರೊಳಗಿನ ಕಡ್ಡಿ ಮುಂದಿನ ಬೇಸಿಗೆಗೇ ಒಣಗಿತು; ಆ ಒಡೆದ ಹರವಿಗೆ ಮಾತ್ರ ಅಂದಿನಿಂದ ನಮ್ಮ ಮನೆಯಲ್ಲಿ 'ಮಾಸ್ತರನ ಕುಂಡಿ' ಎಂದೇ ಹೆಸರು. ಆ ಹೆಸರು ಹೊಸ್ತಿಲ ಆಚೆ ಹೋಗಬಾರದು ಎಂದು ಅಪ್ಪ ತಾಕೀತು ಮಾಡಿದ್ದರು.

ನಮ್ಮ ಮನೆಯವರಲ್ಲದೆ ಆ ಹೆಸರು ಬಲ್ಲವಳು ಒಬ್ಬಳೇ, ಮಾಡಗ್ಯಾಳದ ಮಾಳವ್ವ. ಅವಳೂ ಗಂಡನೂ ವರ್ಷಕ್ಕೊಮ್ಮೆ ಕುರಿಹಿಂಡು ಹೊಡೆದುಕೊಂಡು ಬಂದು, ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ತರುಬುತ್ತಿದ್ದರು. ಬಿಳಿ ಮೈಗೆ ಕಂದು ಮಚ್ಚೆ, ಗಿಳಿಮೂಗಿನಂತೆ ಬಾಗಿದ ಮೂಗು, ಉದ್ದ ಕಾಲಿನ ಮಾಡಗ್ಯಾಳ ಕುರಿ. ಅದರಲ್ಲಿ ಒಂದು ಟಗರು ತಾಯಿ ಸತ್ತದ್ದು; ಮಾಳವ್ವ ಅದನ್ನು ಮಡಿಲಲ್ಲಿ ಹಾಕಿಕೊಂಡು ಹಾಲು ಕುಡಿಸಿ ಸಾಕಿದ್ದಳು. ಅವಳು ಎಲ್ಲಿಗೆ ಹೋದರೂ ಅದು ಹಿಂದಿಂದೆ. ಸಂಜೆ ಮಾಳವ್ವ ಸೆರಗಿನ ತುಂಬ ಹಿಕ್ಕಿ ತರುತ್ತಿದ್ದಳು, ಗೌರತ್ತಿ ಅದನ್ನು ನೆನೆಹಾಕುತ್ತಿದ್ದಳು. ಇಬ್ಬರೂ ಹಂದರದ ಕೆಳಗೆ ಕೂತು ಏನು ಮಾತಾಡುತ್ತಿದ್ದರೋ, ಆಗಾಗ ಇಬ್ಬರೂ ಒಟ್ಟಿಗೆ ನಗುವುದು ಮಾತ್ರ ಕೇಳುತ್ತಿತ್ತು. ಹೂ ಕಟ್ಟಿದ ಮೇಲೆ ಮೊದಲ ಮೊಳ ಮಾಳವ್ವನಿಗೆ. ಉಳಿದದ್ದು ಓಣಿಗೆ. ಟಗರು ಕತ್ತು ನೀಡಿ ಕೆಳಗಿನ ಒಂದೆರಡು ಎಲೆ ತಿಂದರೆ ಗೌರತ್ತಿ ಅದರ ಮೂಗಿಗೆ ಮೆಲ್ಲಗೆ ತಟ್ಟುತ್ತಿದ್ದಳು, ಅಷ್ಟೇ.

ನಾನು ಜತ್ತಿನ ಹೈಸ್ಕೂಲಿಗೆ ಹೋಗಬೇಕಾಗಿದ್ದ ವರ್ಷದ ಬೇಸಿಗೆ ರಜೆಯಲ್ಲಿ ಸೋದರಮಾವ ನನ್ನನ್ನು ಮಿರಜದ ಕಡೆ ಒಂದು ಎಲೆತೋಟಕ್ಕೆ ಕರೆದುಕೊಂಡು ಹೋದ. ವೀಳ್ಯದ ಎಲೆಯ ಬಳ್ಳಿಯ ತೋಟ. ಒಳಗೆ ಕಾಲಿಟ್ಟರೆ ಹಸಿರು ಕತ್ತಲೆ, ತಂಪು. ಬಿಳೂರಿನ ಬಿಸಿಲು ಬಿಟ್ಟು ಬೇರೆ ಕಾಣದ ನನಗೆ ಮೈಯೆಲ್ಲ ಜುಮ್ಮೆಂದಿತು. ಅಲ್ಲಿ ಆಳುಗಳು ಬಳ್ಳಿ ಇಳಿಸುತ್ತಿದ್ದರು. ಎತ್ತರಕ್ಕೆ ಏರಿದ ಎಲೆಬಳ್ಳಿಯನ್ನು ಮರದಿಂದ ಬಿಡಿಸಿ ಕೆಳಗೆ ತಂದು, ಸಿಂಬೆಯಂತೆ ಸುತ್ತಿ, ಮಣ್ಣಿನಲ್ಲಿ ಹುಗಿದು, ತುದಿಯನ್ನು ಮಾತ್ರ ಮೇಲೆ ಬಿಡುವುದು. ಹೀಗೆ ಮಾಡಿದರೆ ಮುದಿ ಬಳ್ಳಿ ಮತ್ತೆ ಹರೆಯಕ್ಕೆ ಬರುತ್ತದೆ, ಒಂದಕ್ಕೆ ನಾಲ್ಕು ಚಿಗುರು ಒಡೆಯುತ್ತವೆ ಎಂದು ಅವರು ಹೇಳಿದರು. ನನಗೆ ಆ ಕ್ಷಣದಲ್ಲೇ ನಮ್ಮ ಜಾಜಿ ಕಣ್ಣಿಗೆ ಕಟ್ಟಿತು. ಒಂದು ಹಂದರ ನಾಲ್ಕು ಹಂದರವಾಗಿ, ಮಾಳಿಗೆ ಹತ್ತಿ, ಓಣಿ ದಾಟಿ, ಊರೆಲ್ಲ ಬಿಳಿಯಾಗಿ ಅರಳಿದ ಹಾಗೆ. ಊರಿಗೆ ಮರಳುವ ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಈ ವಿದ್ಯೆ ಗೌರತ್ತಿಗೂ ಗೊತ್ತಿಲ್ಲ, ನನಗೆ ಗೊತ್ತು!

ಬಂದು ನೋಡಿದರೆ ಗೌರತ್ತಿ ಯಾವುದೋ ಕಾರ್ಯಕ್ಕೆ ಕುಣಿಕೋಣೂರಿಗೆ ಹೋಗಿದ್ದಳು. ಮನೆಯವರೆಲ್ಲ ಹೊಲದಲ್ಲಿ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಅನ್ನಿಸಿತು. ಹಂದರ ಹತ್ತಿದೆ. ಹಳೆ ಸೀರೆಯ ಅಂಚು ಹರಿದು ಅವಳು ಕಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದೆ. ಬಳ್ಳಿಯನ್ನು ಎಳೆದೆ. ಎಲೆಬಳ್ಳಿ ಹಗ್ಗದ ಹಾಗೆ ಬಾಗಿತ್ತು, ಜಾಜಿ ಕಟ್ಟಿಗೆಯಾಗಿತ್ತು. ಎಳೆದಲ್ಲೆಲ್ಲ ಚಟಚಟ ಎಂದಿತು. ಆ ಸದ್ದು ಕೇಳಿಯೂ ನಾನು ನಿಲ್ಲಲಿಲ್ಲ. ಹುರುಪಿನಲ್ಲಿದ್ದವನಿಗೆ ಅದು ಬಳ್ಳಿ ಮೈಮುರಿಯುವ ಸದ್ದಿನಂತೆ ಕೇಳಿತು. ಸುತ್ತಿ, ಒತ್ತಿ, ಗುದ್ದಲಿಯಿಂದ ತಗ್ಗು ತೋಡಿ ಹುಗಿದು, ಮಣ್ಣು ಎಳೆದು ಕೈಯಿಂದ ತಟ್ಟಿದೆ. ತುದಿಗಳನ್ನು ಮೇಲೆ ಬಿಟ್ಟೆ. ಒಂದು ಕೊಡ ನೀರು ಹಾಕಿದೆ. ಬೆವರು ಒರೆಸಿಕೊಂಡು ಹಿಂದೆ ಸರಿದು ನೋಡಿದಾಗ, ಬಯಲಾದ ಅಂಗಳದ ತುಂಬ ಎಂದೂ ಬೀಳದ ಬಿಸಿಲು ಬಿದ್ದಿತ್ತು. ಮರುದಿನದ ಹೊತ್ತಿಗೆ ಮೇಲೆ ಬಿಟ್ಟ ತುದಿಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದವು. ಬುಡ ಸೀಳಿತ್ತು.

ಅಪ್ಪ ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಮಾಳವ್ವನ ಟಗರ ಹೊಕ್ಕಿತ್ತು" ಎಂಬ ಮಾತು. ಆ ದಿನಗಳಲ್ಲಿ ಅವರ ಹಿಂಡು ನಮ್ಮ ಹೊಲದಲ್ಲೇ ಇತ್ತು. ಅಪ್ಪ ಮಾತು ಕಡಿಮೆ, ಸಿಟ್ಟು ಬೇಗ; ಮಾಳವ್ವನ ಗಂಡನನ್ನು ಕರೆಸಿ, ಇನ್ನು ನಮ್ಮ ಹೊಲಕ್ಕೆ ಹಿಂಡು ತರಬೇಡ ಎಂದುಬಿಟ್ಟರು. ಅವನು ತಲೆ ತಗ್ಗಿಸಿ ನಿಂತ. ಮಾಳವ್ವ ಮಾತ್ರ ಅಂಗಳದ ಮೂಲೆಗೆ ನಡೆದು, ಕುಕ್ಕರಗಾಲಲ್ಲಿ ಕೂತು, ಮಣ್ಣಿನ ಮೇಲೆ ಮೂಡಿದ್ದ ಕೈಗುರುತು ನೋಡಿದಳು. ಆಮೇಲೆ ಅಪ್ಪನ ಕಡೆ ಅಲ್ಲ, ನನ್ನ ಕಡೆ ನೋಡಿ ಹೇಳಿದಳು. "ನನ್ನ ಟಗರ ಎಲಿ ತಿಂತೈತಿ, ಖರೆ. ತಿಂದದ್ದನ್ನ ಮಣ್ಣಾಗ ಹುಗದ ಇಡೂದು ನಾ ಅದಕ್ಕ ಕಲಿಸಿಲ್ಲ."

ಅಪ್ಪ, "ಹಂಗಾರ ನಮ್ಮ ಹುಡುಗ ಸುಳ್ಳ ಹೇಳ್ತಾನೇನು?" ಎಂದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಅಷ್ಟರಲ್ಲಿ ಕುಣಿಕೋಣೂರಿನಿಂದ ಬಂದ ಗೌರತ್ತಿ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಯಲಾದ ಅಂಗಳ ನೋಡಿದಳು, ಮಣ್ಣಿನ ದಿಬ್ಬ ನೋಡಿದಳು, ನನ್ನ ಉಗುರುಗಳನ್ನು ನೋಡಿದಳು. ಗಂಟು ಹಿಡಿದುಕೊಂಡೇ ಒಳಗೆ ಹೋದಳು. ಮಾಳವ್ವ ಎದ್ದು ಹೋದಳು, ಹಿಂದಿಂದೆ ಟಗರು. ಮತ್ತೆಂದೂ ಅವರು ನಮ್ಮ ಮನೆಗೆ ಬರಲಿಲ್ಲ.

ಆ ಬೇಸಿಗೆಯೆಲ್ಲ ಗೌರತ್ತಿ ದಿನಾ ಆ ಬರಿ ಮಣ್ಣಿಗೆ ನೀರು ಹಾಕುತ್ತಿದ್ದಳು. ದುಃಖಕ್ಕೆ ಅವಳ ತಲೆ ಕೆಟ್ಟಿದೆ ಎಂದುಕೊಂಡು ನಾನು ಅತ್ತ ನೋಡುವುದನ್ನೇ ಬಿಟ್ಟೆ. ಮಳೆ ಬೀಳುವ ಹೊತ್ತಿಗೆ ನಾನು ಜತ್ತಿಗೆ ಹೋದೆ. ದೀಪಾವಳಿಗೆ ಬಂದಾಗ ದಿಬ್ಬ ಇರಲಿಲ್ಲ, ಅಲ್ಲಿ ಚೆಂಡುಹೂ ನಳನಳಿಸುತ್ತಿದ್ದವು. ಮಾಸ್ತರನ ಕುಂಡಿಯೂ ಇರಲಿಲ್ಲ. ಎಲ್ಲಿ ಹೋಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ಗೌರತ್ತಿ ವರ್ಷಕ್ಕೊಂದು ಸಲ ತಪ್ಪದೆ ಕುಣಿಕೋಣೂರಿಗೆ ಹೋಗುವುದು ಶುರುವಾಯಿತು. ಗಂಡನ ಊರಿನ ಸೆಳೆತ ಎಂದು ಮನೆಯವರು ಅಂದುಕೊಂಡರು. ಅವಳ ಕೊನೆಗಾಲದಲ್ಲಿ ಒಂದು ಸಲ, ಕಾಲು ಒತ್ತುತ್ತ, ಎಲ್ಲ ಹೇಳಿಬಿಡಬೇಕೆಂದು "ಅತ್ತಿ, ಆ ಜಾಜಿ" ಎಂದೆ. ಅವಳು, ಹೊರಗೆ ಮೋಡ ಆಗೈತೇನು ನೋಡು ಎಂದಳು. ಎದ್ದು ಹೋಗಿ ನೋಡಿದೆ. ಮೋಡ ಇರಲಿಲ್ಲ. ತಿರುಗಿ ಬರುವುದರಲ್ಲಿ ಅವಳು ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಮಲಗಿದ್ದಳು. ಮಾತು ನನ್ನಲ್ಲೇ ಉಳಿಯಿತು. ಅವಳು ಹೋದಳು, ಅಪ್ಪ ಅವ್ವ ಹೋದರು, ಮಾಳಿಗೆ ಮನೆ ಕೆಡವಿದೆವು. ಮೈತೊಳೆಯುವ ಕಲ್ಲಿದ್ದ ಜಾಗದಲ್ಲಿ ಈಗ ತಗಡಿನ ಶೆಡ್ಡು, ಅದರೊಳಗೆ ಟ್ರ್ಯಾಕ್ಟರ್ ನಿಲ್ಲುತ್ತದೆ. ನಿಮ್ಮ ಹಳೆಯ ಮನೆಯ ಜಾಗದಲ್ಲೂ ಇಂಥದ್ದೇನೋ ನಿಂತಿರಬಹುದು. ಅದರ ಮುಂದೆ ಹಾದುಹೋಗುವಾಗ ನೀವೂ ಒಂದು ಹೆಜ್ಜೆ ನಿಧಾನ ಮಾಡುತ್ತಿರಬಹುದು.

ಈಗ ಮಾಡಗ್ಯಾಳದ ಆ ಓಣಿ. ಕೊನೆಯ ಮನೆಯ ಮುಂದೆ, ತಗಡಿನ ಛಾವಣಿಯನ್ನೇ ಹಂದರ ಮಾಡಿಕೊಂಡು, ಜಾಜಿ ಕವಿದು ಅರಳಿತ್ತು. ಮೊಗ್ಗಿನ ಬೆನ್ನಿಗೆ ಅದೇ ತಿಳಿಗೆಂಪು. ಆದರೆ ಜಾಜಿ ಎಂದ ಮೇಲೆ ಎಲ್ಲ ಮೊಗ್ಗಿಗೂ ಅದು ಇರುತ್ತದೆ, ಹಿಕ್ಕಿ ಎಲ್ಲ ಕುರುಬರ ಮನೆಯಲ್ಲೂ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ನಿಂತೆ. ಎದೆ ಮಾತ್ರ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹೆಂಗಸು ಮೊಮ್ಮಗನಿಗೆ ಕೂಗಿ ಹೇಳಿದಳು. "ಏ, ಕೋಳಿ ಒದರಾಕತ್ತಾವ. ಮಾಸ್ತರನ ಕುಂಡಿಯಾಗ ಒಂದ ತಂಬಿಗಿ ನೀರ ಹಾಕ."

ನಾನು ಹೊರಗಿನ ಕಟ್ಟೆಯ ಮೇಲೆ ಕುಸಿದು ಕೂತೆ. ಬಳ್ಳಿಯ ಬುಡದಲ್ಲಿ ಒಡೆದ ಹರವಿಯ ತಳ ಕಂಡಿತು, ಅಂಚು ಸವೆದು ನುಣುಪಾಗಿತ್ತು. ನಗುವೋ ಅಳುವೋ ತಿಳಿಯದ ಒಂದು ಸದ್ದು ನನ್ನ ಗಂಟಲಿಂದ ಹೊರಟಿತು. ಅದನ್ನು ಕೇಳಿ ಆ ಹೆಂಗಸು ಹೊರಗೆ ಬಂದಳು. ಹೆಸರು ನೀಲವ್ವ, ಮಾಳವ್ವನ ಸೊಸೆ, ಅರವತ್ತರ ಆಸುಪಾಸು. ಯಾರೋ ಮುದುಕ ತಲೆಸುತ್ತು ಬಂದು ಕೂತಿದ್ದಾನೆ ಎಂದು ನೀರು ಕೊಟ್ಟಳು, ಯಾವೂರು ಎಂದು ಕೇಳಿದಳು. ಬಿಳೂರು ಎಂದೆ. ಅವಳ ಮುಖ ಅರಳಿತು.

"ಬಿಳೂರ ಅಂದ್ರ ಈ ಬಳ್ಳಿ ತವರ ಮನಿ ಬಿಡ್ರಿ ಅಣ್ಣಾರ" ಎಂದಳು. ಅತ್ತೆ ಮಾಳವ್ವ ತೀರಿಕೊಂಡು ಬಹಳ ವರ್ಷವಾಗಿದೆಯಂತೆ. ಬಿಳೂರಿನ ಗೌರವ್ವ ಎಂಬವರು ಈ ಬಳ್ಳಿಯನ್ನು ಒಡೆದ ಹರವಿಯಲ್ಲಿ ನೆಟ್ಟು, ಎಸ್‍ಟಿ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಕುಣಿಕೋಣೂರಿನ ತನಕ ತಂದು, ಅಲ್ಲಿ ಅತ್ತೆಯ ಕೈಗೆ ಕೊಟ್ಟಿದ್ದರಂತೆ. ಆಮೇಲೆ ಇಬ್ಬರೂ ವರ್ಷಕ್ಕೊಂದು ಸಲ ಅದೇ ಊರಲ್ಲಿ ಕೂಡುತ್ತಿದ್ದರಂತೆ. ಈ ಹರವಿಗೆ ಅಂಥ ಹೆಸರು ಏಕೆಂದು ಅತ್ತೆ ಎಂದೂ ಬಿಡಿಸಿ ಹೇಳಲಿಲ್ಲ, ಕೇಳಿದರೆ ನಗುತ್ತಿದ್ದಳಂತೆ. "ಇನ್ನೊಂದ ಮಾತ ಅಂತಿದ್ದರ್ರಿ. ಇದನ್ನ ಹಚ್ಚಿದವ್ರು ಗೌರವ್ವನೂ ಅಲ್ಲ, ನಾನೂ ಅಲ್ಲ. ನಮ್ಮ ಟಗರ ಮಣ್ಣಾಗ ಹುಗದ ಹಚ್ಚೇತಿ ಅಂತ. ಟಗರ ಎಲ್ಲೆರ ಬಳ್ಳಿ ಹಚ್ಚತೈತೇನ್ರಿ? ನಿಮ್ಮೂರ ಮಾತ ಐತಿ, ನಿಮಗೇನರ ಗೊತ್ತೈತೇನು?"

ಆಗ ನನಗೆ ಹೊಳೆಯಿತು. ನಾನು ಹುಗಿದ ಬಳ್ಳಿಯಲ್ಲಿ ಒಂದು ಗೆಣ್ಣು ಮಣ್ಣೊಳಗೆ ಬೇರು ಬಿಟ್ಟಿತ್ತು. ಬರಿ ಮಣ್ಣಿಗೆ ಗೌರತ್ತಿ ನೀರು ಹಾಕಿದ್ದು ಅದಕ್ಕೆ. ಅದು ಚಿಗುರಿದ ಮೇಲೆ ಅವಳು ತನ್ನ ಅಂಗಳದಲ್ಲಿ ಇಟ್ಟುಕೊಳ್ಳಲಿಲ್ಲ. ನಾನು ಯಾರ ಮೇಲೆ ತಪ್ಪು ಹೊರಿಸಿದ್ದೆನೋ ಅವರ ಮನೆಗೇ ಒಯ್ದು ಕೊಟ್ಟಳು. ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು. ಮಾಳವ್ವನಿಗೂ ಗೊತ್ತಿತ್ತು. ನಮ್ಮ ಮೂವರಲ್ಲಿ ಇದು ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ.

ನೀಲವ್ವ ಉತ್ತರಕ್ಕೆ ಕಾಯುತ್ತಿದ್ದಳು. ಗೊತ್ತಿಲ್ಲ ಎಂದು ಎದ್ದು ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಕೂತೇ ಇದ್ದೆ, ಎಲ್ಲ ಹೇಳಿದೆ. ಕುಂಡಿಯ ಕಥೆಗೆ ಅವಳು ಸೆರಗು ಬಾಯಿಗೆ ಹಚ್ಚಿ ನಕ್ಕಳು. ಟಗರಿನ ಕಥೆಗೆ ನಗಲಿಲ್ಲ. ಸೆರಗು ಕೆಳಗಿಳಿಸಿ, "ಅತ್ತಿಗಿ ಗೊತ್ತಿತ್ತರಿ. ಮಾವಗ ಗೊತ್ತಿರಲಿಲ್ಲ" ಎಂದಳು. "ಊರ ಮುಂದ ಮಾನ ಹೋತು ಅಂತ ಮಾವ ಆ ಟಗರ ಕಟಕರಿಗಿ ಕೊಟ್ಟಬಿಟ್ಟರಂತ. ಅತ್ತಿ ಅದರ ಹೆಸರ ತಗದ್ರ ಕಡೀತನಾ ಅಳತಿದ್ದರು."

ಬಳ್ಳಿ ಬದುಕಿತು, ಗೆಳೆತನ ಬದುಕಿತು, ಟಗರು ಬದುಕಲಿಲ್ಲ. ನನ್ನನ್ನು ಉಳಿಸಲು ಗೌರತ್ತಿ ಸುಮ್ಮನಿದ್ದದ್ದರ ಬೆಲೆ ಕೊಟ್ಟದ್ದು ಮಡಿಲಲ್ಲಿ ಹಾಲು ಕುಡಿದು ಬೆಳೆದ ಆ ಮೂಕಪ್ರಾಣಿ. ಕೈ ಮುಗಿಯಲು ಎದ್ದೆ. ನೀಲವ್ವ, "ಕುಂದ್ರಿ, ಚಾ ಕುಡದ ಹೋಗೀರಂತ" ಎಂದು ಒಳಗೆ ಹೋದಳು. ಚಾ ಕುಡಿಯುವಾಗ ಅವಳು ಒಂದು ಎಳೆಯ ಕವಲನ್ನು ಬಾಗಿಸಿ, ಮಣ್ಣಿಗೆ ಒತ್ತಿ, ಮೇಲೊಂದು ಕಲ್ಲು ಇಟ್ಟಳು. ಬೇರು ಬಿಟ್ಟ ಮೇಲೆ ಬಂದು ಒಯ್ಯಿರಿ ಎಂದಳು. ಮುರಿಯದೆ ಬಾಗುವ ಕವಲನ್ನು ಆರಿಸುವುದು, ತಾಯಿಬಳ್ಳಿಯಿಂದ ಬಿಡಿಸದೆ ಹುಗಿಯುವುದು, ಇಷ್ಟೇ. ನಾನು ತಪ್ಪಿದ್ದು ಇಷ್ಟರಲ್ಲೇ.

ಆ ಸಸಿ ಈಗ ಬಿಳೂರಿನಲ್ಲಿ, ನಮ್ಮ ಹೊಸ ಮನೆಯ ಮುಂದೆ ಇದೆ. ಹೆಂಡತಿಯ ಹಳೆ ಸೀರೆಯ ಅಂಚು ಹರಿದು ಕಟ್ಟಿ ಏರಿಸಿದ್ದೇನೆ. ಈ ಮಳೆಗಾಲದಲ್ಲಿ ಮೊದಲ ಮೊಗ್ಗುಗಳು ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಮುದುಕನಿಗೆ ಇದೇನು ಹುಚ್ಚು ಎಂದು ಮನೆಯವರು ಚೇಷ್ಟೆ ಮಾಡುತ್ತಾರೆ. ನಿನ್ನೆ ಸಂಜೆ ಮೊಮ್ಮಗಳೂ ನಾನೂ ಕಂಬಳಿ ಹಾಸಿಕೊಂಡು ಅಂಗಾತ ಮಲಗಿದ್ದೆವು. ಅವಳು ಬೆರಳು ನೀಡಿದಳು. ನಾನು ಹಿಡಿದು ಮಡಚಿದೆ. ಕಣ್ಣು ಪಿಳುಕಿಸದೆ ಕಾದೆವು. ಅಷ್ಟರಲ್ಲಿ ಹೋದ ವರ್ಷ ಮಗ ಕೊಂಡು ತಂದ ಟಗರು ಹಗ್ಗ ಎಳೆದುಕೊಂಡು ಬಂದು, ಬಾಗಿದ ಮೂಗು ಚಾಚಿ, ಕೆಳಗಿನ ಎಲೆಗೆ ಬಾಯಿ ಹಾಕಿತು. ಮೊಮ್ಮಗಳು ಗಾಬರಿಯಾಗಿ, "ಅಜ್ಜಾ, ಟಗರ ತಿನ್ನಾಕತ್ತೈತಿ, ಹೊಡೀರಿ" ಎಂದಳು.

"ತಿನ್ನಲಿ ಬಿಡು" ಎಂದೆ. "ಅದು ಅದರ ಪಾಲು."

ಇಬ್ಬರೂ ಮತ್ತೆ ಮೇಲೆ ನೋಡುವುದರಲ್ಲಿ ಹೂ ಅರಳಿ ಕುಳಿತಿತ್ತು. ಬಿಚ್ಚಿದ್ದನ್ನು ಈ ಸಲವೂ ನೋಡಲಾಗಲಿಲ್ಲ. ಜಾಜಿಯ ವಾಸನೆಯೂ ಹಿಕ್ಕಿಯ ವಾಸನೆಯೂ ಕೂಡಿ ಅಂಗಳದ ತುಂಬ ನಿಂತವು. ನಾನು ಆ ಒಂದೇ ಹೂವನ್ನು ಬಿಡಿಸಿ, ಅಂಗೈಯಲ್ಲಿ ತಿಕ್ಕಿ, ಎರಡೂ ಕೈಗಳನ್ನು ಮುಖದ ಮೇಲೆ ಇಟ್ಟುಕೊಂಡೆ. ಹೂವಿನ ವಾಸನೆ ಇತ್ತು. ಗೌರತ್ತಿಯ ಕೈಯದು ಇರಲಿಲ್ಲ.